ಆರ್‌ನಲ್ಲಿ ಸಾಲದ ಸ್ಕೋರ್‌ಕಾರ್ಡ್ ಕಟ್ಟೋದು: ಸೊಸೈಟಿಯ ಬೆಳೆ ಸಾಲದ ಡೇಟಾ ಇದೆ, ಎಲ್ಲಿಂದ ಶುರು ಮಾಡಲಿ?

ಹೊಸಲೆಕ್ಕ_ಹಾಸನ
ಎಲ್ಲರಿಗೂ ನಮಸ್ಕಾರ. ಸಾಲ ವಾಪಸ್ ಬರುವ ಸಾಧ್ಯತೆಗೆ ಪಾಯಿಂಟ್ ಕೊಡುವ ಸ್ಕೋರ್‌ಕಾರ್ಡ್ ಕಟ್ಟುವುದನ್ನು ಕಲಿಯುತ್ತಿದ್ದೇನೆ. ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ ‘ಸ್ಕೋರ್‌ಕಾರ್ಡ್’ ಪ್ಯಾಕೇಜ್ ಹಾಕಿಕೊಂಡು, ಅದರ ಜೊತೆಗೇ ಬರುವ ಜರ್ಮನ್ ಕ್ರೆಡಿಟ್ ಡೇಟಾ ಮೇಲೆ ಮಾಡೆಲ್ ಓಡಿಸಿದ್ದೇನೆ. ಎಯುಸಿ (ಒಳ್ಳೆಯ ಸಾಲ, ಕೆಟ್ಟ ಸಾಲ ಬೇರ್ಪಡಿಸುವ ಶಕ್ತಿಯ ಅಳತೆ, 1 ಅಂದರೆ ಪೂರ್ತಿ) 0.8ರ ಹತ್ತಿರ ಬಂತು. ಈಗ ಸಕಲೇಶಪುರ ಕಡೆಯ ಒಂದು ಪತ್ತಿನ ಸಹಕಾರ ಸಂಘದ ಬೆಳೆ ಸಾಲದ ಪಟ್ಟಿ ಸಿಕ್ಕಿದೆ. ಹೆಸರು, ಆಧಾರ್ ಎಲ್ಲ ತೆಗೆದು ಸದಸ್ಯತ್ವದ ಸಂಖ್ಯೆ ಬದಲು ಕೋಡ್ ಹಾಕಿ ಕೊಟ್ಟಿದ್ದಾರೆ. 2017-18ರಿಂದ 2022-23ರವರೆಗೆ ಒಟ್ಟು 1,140 ಸಾಲ, ಅದರಲ್ಲಿ 96 ಸುಸ್ತಿ (ಗಡುವಿಗೆ ಕಟ್ಟದೆ ಬಾಕಿ ಉಳಿದದ್ದು) ಎಂದು ಗುರುತಾಗಿದೆ. ವಿಸ್ತೀರ್ಣ, ಬೆಳೆ, ಸಾಲದ ಮೊತ್ತ, ಹಿಂದಿನ ಸಾಲ ಕಟ್ಟಿದ ದಿನಾಂಕ, ಡೇರಿಗೆ ಹಾಲು ಹಾಕುತ್ತಾರೋ ಇಲ್ಲವೋ, ಹೀಗೆ 22 ಕಾಲಂ ಇವೆ. ಜರ್ಮನ್ ಡೇಟಾಗೆ ಬರೆದ ಅದೇ ಸ್ಕ್ರಿಪ್ಟ್ ಓಡಿಸಿದರೆ ಸಾಕಾ?

ಬೇಲೂರು ಮೇಷ್ಟ್ರು
ಸ್ಕ್ರಿಪ್ಟ್ ಓಡುತ್ತದೆ, ಆದರೆ ಬರುವ ಉತ್ತರವನ್ನು ನಂಬುವ ಹಾಗಿಲ್ಲ.

ಮೊದಲು ಆ ಜರ್ಮನ್ ಡೇಟಾದ ಜಾತಕ ತಿಳಿದುಕೊಳ್ಳಿ. 1,000 ಸಾಲ, 700 ಒಳ್ಳೆಯದು, 300 ಕೆಟ್ಟದ್ದು, 20 ವೇರಿಯಬಲ್. 1994ರಲ್ಲಿ ಯುಸಿಐ ಎಂಬ ವಿಶ್ವವಿದ್ಯಾಲಯದ ಡೇಟಾ ಭಂಡಾರಕ್ಕೆ ಬಂದದ್ದು, ಸಾಲಗಳು ಮಾತ್ರ 1973ರಿಂದ 1975ರ ಕಾಲದವು. ನೂರಕ್ಕೆ ಮೂವತ್ತು ಸಾಲ ಮುಳುಗುವ ಬ್ಯಾಂಕ್ ಎಲ್ಲಿಯೂ ಬಾಗಿಲು ತೆಗೆದಿರಲ್ಲ. ಕೆಟ್ಟ ಸಾಲಗಳನ್ನು ಬೇಕೆಂದೇ ಹೆಚ್ಚು ಆರಿಸಿ ಸೇರಿಸಿದ್ದಾರೆ. ಸಾಲದ್ದಕ್ಕೆ ಅದರ ಕೋಡ್ ಪಟ್ಟಿಯಲ್ಲಿ ತಪ್ಪುಗಳಿದ್ದವು. ಉಲ್ರಿಕೆ ಗ್ರೋಂಪಿಂಗ್ 2019ರಲ್ಲಿ ಅದನ್ನು ತಿದ್ದಿದ ಮೇಲೆ ‘ಸೌತ್ ಜರ್ಮನ್ ಕ್ರೆಡಿಟ್’ ಎಂಬ ಹೆಸರಲ್ಲಿ ಸರಿಯಾದ ಪ್ರತಿ ಅದೇ ಭಂಡಾರದಲ್ಲಿ ಇದೆ. ಕೈ ಪಳಗಿಸಿಕೊಳ್ಳಲು ಆ ಪ್ರತಿಯನ್ನು ಬಳಸಿ.

ಹೀಗೆ ಬೆರಕೆ ಹೆಚ್ಚಿರುವ ಡೇಟಾದಲ್ಲಿ ಮಾಡೆಲ್ ಕೊಡುವ ಸಂಭವನೀಯತೆ ಉಬ್ಬಿರುತ್ತದೆ. ಯಾರು ಮುಂದೆ, ಯಾರು ಹಿಂದೆ ಎಂಬ ಸಾಲು ಕೆಡುವುದಿಲ್ಲ, ಮಟ್ಟ ಮಾತ್ರ ಕೆಡುತ್ತದೆ. ಡೇಟಾದಲ್ಲಿ ಕೆಟ್ಟದ್ದು ಶೇ. 30, ಊರಲ್ಲಿ ನಿಜಕ್ಕೂ ಶೇ. 5 ಅಂದುಕೊಳ್ಳಿ. 0.30ನ್ನು 0.95ರಿಂದ ಗುಣಿಸಿ, ಅದನ್ನು 0.70 ಮತ್ತು 0.05ರ ಗುಣಲಬ್ಧದಿಂದ ಭಾಗಿಸಿ. 8.14 ಬರುತ್ತದೆ. ಅದರ ಸ್ವಾಭಾವಿಕ ಲಾಗ್ 2.10. ಇದನ್ನು ಇಂಟರ್ಸೆಪ್ಟ್‌ನಿಂದ (ಮಾಡೆಲ್ ಸಮೀಕರಣದ ಸ್ಥಿರಾಂಕದಿಂದ) ಕಳೆಯಬೇಕು. ನಿಮ್ಮ ಸೊಸೈಟಿ ಪಟ್ಟಿಯಲ್ಲಿ ಎಲ್ಲ ಸಾಲಗಳೂ ಇದ್ದರೆ ಈ ತಿದ್ದುಪಡಿ ಬೇಡ. ಅಲ್ಲಿರುವ ತೊಂದರೆ ಬೇರೆ: 96 ಜನರನ್ನು ಸುಸ್ತಿ ಎಂದವರು ಯಾರು, ಯಾವ ಲೆಕ್ಕದ ಮೇಲೆ?

ಖಾತೆಪುಸ್ತಕ
ಮೇಷ್ಟ್ರು ಕೇಳಿದ್ದೇ ಮುಖ್ಯ. ಸೊಸೈಟಿ ಖಾತೆಯಲ್ಲಿ ‘ಸುಸ್ತಿ’ ಅಂತ ಬರೆದದ್ದೆಲ್ಲ ಮಾಡೆಲ್ಲಿಗೆ ಸುಸ್ತಿ ಅಲ್ಲ, ‘ಚುಕ್ತಾ’ ಅಂತ ಬರೆದದ್ದೆಲ್ಲ ಚುಕ್ತಾನೂ ಅಲ್ಲ.

ಮಾಮೂಲಿ ಸಾಲಕ್ಕೆ 90 ದಿನ ಬಾಕಿ ಬಿದ್ದರೆ ಎನ್‌ಪಿಎ, ಅಂದ್ರೆ ವಸೂಲಾಗದ ಸಾಲ. ಬೆಳೆ ಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮ ಬೇರೆ: ಅಲ್ಪಾವಧಿ ಬೆಳೆಗೆ ಎರಡು ಬೆಳೆ ಹಂಗಾಮು, ವರ್ಷಕ್ಕಿಂತ ಉದ್ದದ ಹಂಗಾಮಿನ ದೀರ್ಘಾವಧಿ ಬೆಳೆಗೆ ಒಂದು ಹಂಗಾಮು ಬಾಕಿ ನಿಲ್ಲಬೇಕು. ಪುಸ್ತಕ ನೋಡಿ 90 ದಿನ ಹಾಕಿಬಿಟ್ಟರೆ ಆಲೂಗಡ್ಡೆಯವನೂ ಕಾಫಿಯವನೂ ಒಂದೇ ತಕ್ಕಡಿಗೆ ಬೀಳ್ತಾರೆ.

ಎರಡನೆಯದು, ಹೊಂದಾಣಿಕೆ ತಿರುವಳಿ. ಗಡುವಿನ ದಿನ ಎಲ್ಲಿಂದಲೋ ಕೈಸಾಲ ತಂದು ಕಟ್ಟೋದು, ಅದೇ ದಿನ ಅಥವಾ ಎರಡು ದಿನ ಬಿಟ್ಟು ಹೊಸ ಸಾಲ ಎತ್ತಿ ಕೈಸಾಲ ತೀರಿಸೋದು. ಪುಸ್ತಕದಲ್ಲಿ ಅದು ಅಪ್ಪಟ ಚುಕ್ತಾ. ಕಟ್ಟಿದ ದಿನಾಂಕಕ್ಕೂ ಮುಂದಿನ ಸಾಲ ಕೊಟ್ಟ ದಿನಾಂಕಕ್ಕೂ ಎಷ್ಟು ದಿನ ಅಂತರ ಅಂತ ಒಂದು ಕಾಲಂ ಮಾಡಿ ನೋಡಿ. 0ರಿಂದ 3 ದಿನದಲ್ಲಿ ದೊಡ್ಡ ರಾಶಿ ಸಿಗತ್ತೆ. ಸೊನ್ನೆ ಬಡ್ಡಿ ಸೌಲಭ್ಯ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ, ದಾಟಿದರೆ ಬಡ್ಡಿ ಬೀಳತ್ತೆ. ಹಾಗಾಗಿ ಗಡುವಿನ ಹಿಂದಿನ ವಾರದಲ್ಲೇ ಎಲ್ಲರೂ ಕಟ್ಟಿರ್ತಾರೆ. ಕಟ್ಟಿದ್ದು ಬೆಳೆ ದುಡ್ಡೋ ಕೈಸಾಲವೋ ಅನ್ನೋದನ್ನ ಈ ಅಂತರ ಒಂದೇ ಹೇಳೋದು. ಆ ಸಾಲಗಳನ್ನ ಸುಸ್ತಿ ಅನ್ನಬೇಡಿ. ಆದರೆ ‘ಹೋದ ವರ್ಷ ಮೂರು ದಿನದೊಳಗೆ ಮರುಸಾಲ: ಹೌದು/ಇಲ್ಲ’ ಅಂತ ಮುಂದಿನ ಸಾಲಕ್ಕೆ ಒಂದು ವೇರಿಯಬಲ್ ಮಾಡ್ಕೊಳ್ಳಿ. ನಿಮ್ಮ 22 ಕಾಲಮ್ಮಿನಲ್ಲಿ ಇಷ್ಟು ಮಾತಾಡೋ ಕಾಲಂ ಇನ್ನೊಂದು ಇರಲ್ಲ.

ಮೂರನೆಯದು, ಮನ್ನಾ. 2017ರಲ್ಲಿ ಸಹಕಾರಿ ಬೆಳೆ ಸಾಲ 50,000 ರೂಪಾಯಿವರೆಗೆ ಮನ್ನಾ ಆಯ್ತು, 2018ರಲ್ಲಿ ಇನ್ನೊಂದು ಸುತ್ತು. ಮನ್ನಾದಲ್ಲಿ ಹೋದ ಸಾಲ ಖಾತೆಯಲ್ಲಿ ಮುಚ್ಚಿರತ್ತೆ, ಆದರೆ ರೈತ ಕಟ್ಟುತ್ತಿದ್ದನೋ ಇಲ್ಲವೋ ನಮಗೆ ಗೊತ್ತಾಗಲ್ಲ. ಘೋಷಣೆಗೆ ಮುಂಚೆಯೇ ಗಡುವು ದಾಟಿ ಬಾಕಿ ಬಿದ್ದಿದ್ದರೆ ಸುಸ್ತಿ ಅಂತ ಇಟ್ಕೊಳ್ಳಿ. ಗಡುವು ಘೋಷಣೆಯ ಆಚೆಗಿದ್ದರೆ ಆ ಸಾಲ ಪಟ್ಟಿಯಿಂದಲೇ ಹೊರಗೆ. ಇನ್ನು 2020ರ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಕೋವಿಡ್ ಮೊರಟೋರಿಯಂ ಇತ್ತಲ್ಲ. ಆ ಆರು ತಿಂಗಳ ಬಾಕಿ ದಿನಗಳ ಎಣಿಕೆಯನ್ನ ಕಣ್ಣುಮುಚ್ಚಿ ತಗೋಬೇಡಿ.

ಹೊಸಲೆಕ್ಕ_ಹಾಸನ
ಅಂತರದ ಕಾಲಂ ಮಾಡಿ ನೋಡಿದೆ. ಒಟ್ಟು 1,140ರಲ್ಲಿ 400ಕ್ಕೂ ಹೆಚ್ಚು ಸಾಲ 0ರಿಂದ 3 ದಿನದೊಳಗೇ ಇವೆ! ಇನ್ನೊಂದು ಪ್ರಶ್ನೆ. ಎಷ್ಟು ತಿಂಗಳು ಕಾದು ನೋಡಿ ಸುಸ್ತಿ ಅನ್ನಬೇಕು? ಎಲ್ಲ ಕಡೆ 12 ತಿಂಗಳು ಅಂತ ಬರೆದಿದ್ದಾರೆ.

ಮೂಡಿಗೆರೆ_ರೋಬಸ್ಟಾ
ಅದು ತಿಂಗಳ ಕಂತಿನ ಸಾಲಕ್ಕೆ ಮಾರಾಯ್ರೆ. ಕ್ರೆಡಿಟ್ ಕಾರ್ಡ್, ಬೈಕ್ ಲೋನ್ ಅಂದ್ರೆ ಎರಡನೇ ತಿಂಗಳಲ್ಲೇ ಬಣ್ಣ ಗೊತ್ತಾಗ್ತದೆ. ಇಲ್ಲಿ ಗಡುವೇ 12ನೇ ತಿಂಗಳಿಗೆ. ಗಡುವು ಬರುವ ಮೊದಲು ಸುಸ್ತಿ ಆಗುವುದಾದರೂ ಹೇಗೆ?

ವಿಂಟೇಜ್ ಗೆರೆ ಎಳೆದು ನೋಡಿ. ಒಂದೊಂದು ವರ್ಷದಲ್ಲಿ ಕೊಟ್ಟ ಸಾಲಕ್ಕೆ ಒಂದೊಂದು ಗೆರೆ. ಅಡ್ಡಕ್ಕೆ ಸಾಲ ಕೊಟ್ಟ ಮೇಲಿನ ತಿಂಗಳು, ಉದ್ದಕ್ಕೆ ಅಲ್ಲಿವರೆಗೆ ಸುಸ್ತಿಯಾದ ಶೇಕಡಾ. 12ರವರೆಗೆ ನೆಲಕ್ಕೆ ಅಂಟಿಕೊಂಡು ಇರ್ತದೆ, 13ಕ್ಕೆ ಜಿಗಿದು ಆಮೇಲೆ ನಿಧಾನ ಏರ್ತದೆ. ಎಲ್ಲಿ ಚಪ್ಪಟೆಯಾಗ್ತದೋ ಅಲ್ಲಿಗೆ ನಿಮ್ಮ ಕಾಯುವ ಅವಧಿ. ಬೆಳೆ ಸಾಲಕ್ಕೆ 18ರಿಂದ 24 ತಿಂಗಳು ಇಟ್ಟುಕೊಂಡು ನೋಡಿ.

ಬೆಳೆವಾರು ಬೇರೆ ಬೇರೆ ಗೆರೆ ಎಳೆಯಿರಿ, ಒಂದಕ್ಕೊಂದು ಹೊಂದುವುದಿಲ್ಲ. ಅರೇಬಿಕಾ ಕೊಯ್ಲು ನವೆಂಬರಿಂದ ಜನವರಿ, ರೋಬಸ್ಟಾ ಜನವರಿಯಿಂದ ಮಾರ್ಚ್. ಒಣಗಿಸಿ, ರೇಟ್ ನೋಡಿ ಕೊಡುವಾಗ ಇನ್ನೂ ತಡ. ಕೆಲವರು ಚೆರಿಯನ್ನ ಮೂಟೆ ಕಟ್ಟಿ ಇಟ್ಟುಕೊಂಡೇ ಕೂರ್ತಾರೆ. ಮಾರ್ಚ್ ಗಡುವಿಗೆ ರೋಬಸ್ಟಾದವ 40 ದಿನ ತಡ ಮಾಡಿದ ಅಂದ್ರೆ ಅವನಿಗೆ ಕಟ್ಟುವ ಶಕ್ತಿ ಇಲ್ಲ ಅಂತ ಅಲ್ಲ, ಮೂಟೆ ಕಣದಲ್ಲಿ ಉಂಟು ಅಂತ. ಅದೇ ಹಾಸನದ ಆಲೂಗಡ್ಡೆಯವ ಮೇ-ಜೂನ್‌ನಲ್ಲಿ ಬಿತ್ತಿ, ಅಂಗಮಾರಿ ಹೊಡೆದು ಹೋದ್ರೆ, 40 ದಿನ ಅಲ್ಲ, 400 ದಿನ ಕಾದರೂ ಆ ಬೆಳೆಯ ದುಡ್ಡು ಬರುವುದಿಲ್ಲ. 40 ದಿನದ ಅರ್ಥ ಇಬ್ಬರಿಗೂ ಬೇರೆ.

ನಡುವಿನವರಿಗೆ ‘ನಿರ್ಧಾರವಾಗದ್ದು’ ಅಂತ ಮೂರನೇ ಗುಂಪು ಮಾಡಿ, ಮಾಡೆಲ್ ಕಟ್ಟುವಾಗ ಬಿಡಿ. ಸ್ಕೋರ್ ಹಾಕುವಾಗ ಮಾತ್ರ ಅವರಿಗೂ ಹಾಕಿ, ಎಲ್ಲಿ ಬೀಳ್ತಾರೆ ನೋಡಿ. ಸುಸ್ತಿಗೂ ಚುಕ್ತಾಗೂ ನಡುವೆ ಬಿದ್ದರೆ ನಿಮ್ಮ ವ್ಯಾಖ್ಯೆ ಸರಿ ಇದೆ ಅಂತ ಧೈರ್ಯ.

ಎರಡು_ಗುಂಟೆ
ಮಾಡೆಲ್ ಮಾತು ನಡೀಲಿ, ಅದಕ್ಕೆ ಮುಂಚೆ ವಿಸ್ತೀರ್ಣದ ಕಾಲಂ ತೆಗೆದು ನೋಡಿದ್ರಾ? ಪಹಣಿಯಿಂದ ಬಂದಿದ್ದರೆ ಅದು ಎಕರೆ-ಗುಂಟೆ-ಆಣೆ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ಗುಮಾಸ್ತರು 2 ಎಕರೆ 30 ಗುಂಟೆಯನ್ನ 2.30 ಅಂತ ಹೊಡೆದಿರ್ತಾರೆ. ಆರ್ ಅದನ್ನ 2.3 ಅಂತ ಓದತ್ತೆ. ನಿಜಕ್ಕೆ ಅದು 2.75 ಎಕರೆ. 2.05 ಅಂದ್ರೆ 2 ಎಕರೆ 5 ಗುಂಟೆ, ಅಂದ್ರೆ 2.125. ಸಣ್ಣ ಹಿಡುವಳಿಯಲ್ಲಿ ಇದು ಸಣ್ಣ ತಪ್ಪಲ್ಲ. 0.38 ಅಂದ್ರೆ 38 ಗುಂಟೆ, ಹೆಚ್ಚುಕಮ್ಮಿ ಒಂದು ಎಕರೆ. ಆರ್ ಲೆಕ್ಕದಲ್ಲಿ ಅದು ನೂರಕ್ಕೆ ಅರವತ್ತು ಪಾಲು ಮಾಯ.

ಮಾಡಬೇಕಾದ್ದು: ಫೈಲ್ ಓದುವಾಗಲೇ ಆ ಕಾಲಮ್ಮನ್ನ ಅಕ್ಷರ ರೂಪದಲ್ಲಿ ತಗೊಳ್ಳಿ, ಸಂಖ್ಯೆಯಾಗಿ ಅಲ್ಲ. ಚುಕ್ಕಿಯ ಕಡೆ ಎರಡು ತುಂಡು ಮಾಡಿ. ಮೊದಲ ತುಂಡಿಗೆ ಎರಡನೇ ತುಂಡಿನ 40ನೇ ಒಂದು ಭಾಗ ಸೇರಿಸಿ. ಅದಕ್ಕೂ ಮುಂಚೆ ಒಂದು ಪರೀಕ್ಷೆ ಮಾಡಿ. ಚುಕ್ಕಿ ಆದ ಮೇಲೆ 39ಕ್ಕಿಂತ ದೊಡ್ಡ ಅಂಕಿ, ಅಂದ್ರೆ .50, .75 ಎಲ್ಲಾದರೂ ಕಂಡರೆ ಆ ಸಾಲುಗಳು ದಶಮಾಂಶ ಎಕರೆ. ಗುಂಟೆ ಲೆಕ್ಕದಲ್ಲಿ 39 ದಾಟೋ ಹಾಗೇ ಇಲ್ಲ. ಎರಡೂ ಬೆರೆತಿದ್ದರೆ ಯಾವ ವರ್ಷ ಯಾರು ಟೈಪ್ ಮಾಡಿದ್ದು ಅಂತ ವಿಂಗಡಿಸಿ, ಊಹೆ ಮಾಡಬೇಡಿ.

ಇನ್ನು 3-10 ಅಂತ ಗೀಟು ಹಾಕಿ ಬರೆದದ್ದನ್ನ ಎಕ್ಸೆಲ್ ತಾನೇ ಬುದ್ಧಿವಂತ ಅಂದ್ಕೊಂಡು ತಾರೀಖು ಮಾಡಿರತ್ತೆ. ವಿಸ್ತೀರ್ಣದ ಕಾಲಮ್ಮಲ್ಲಿ 45 ಸಾವಿರದ ಆಸುಪಾಸಿನ ಅಂಕಿ ಕಂಡ್ರೆ ಅದು ಜಮೀನ್ದಾರರಲ್ಲ, ತಾರೀಖಿನ ಒಳಸಂಖ್ಯೆ. ಖರಾಬು (ಸಾಗುವಳಿಗೆ ಬಾರದ ನೆಲ) ಕಳೆದ ವಿಸ್ತೀರ್ಣವೋ ಕಳೆಯದ್ದೋ ಅದನ್ನೂ ಕೇಳಿಕೊಳ್ಳಿ. ಮಲೆನಾಡಲ್ಲಿ ಖರಾಬು ಸಣ್ಣದಿರಲ್ಲ.

ಹಳೇ ವರ್ಷದ ಫೈಲು ನುಡಿಯ ಹಳೇ ಆಸ್ಕಿ ಫಾಂಟಲ್ಲಿ ಇದ್ದರೆ ಬೆಳೆ ಹೆಸರು ಆರ್‌ನಲ್ಲಿ ಗೀಚಿದ ಹಾಗೆ ಕಾಣತ್ತೆ. ಮೊದಲು ಯೂನಿಕೋಡಿಗೆ ತಿರುಗಿಸಿ. ವಿಂಡೋಸ್‌ನಲ್ಲಿ ಆರ್ 4.2ಕ್ಕಿಂತ ಹಳೇದಿದ್ದರೆ ಯೂನಿಕೋಡ್ ಕನ್ನಡವೂ ಕೋನಾವರಣದ ಒಳಗಿನ ಕೋಡ್ ಆಗಿ ಬರೋದುಂಟು. 2022ರ 4.2ರಿಂದ ಈಚೆಗೆ ಆ ರಗಳೆ ಇಲ್ಲ. ‘ಕಾಫಿ’, ‘ಕಾಫೀ’, ‘ಕಾಪಿ’, ಹಿಂದೊಂದು ಖಾಲಿ ಜಾಗ ಇರೋ ‘ಕಾಫಿ ’, ಇವೆಲ್ಲ ಆರ್‌ಗೆ ನಾಲ್ಕು ಬೆಳೆ. ಟೇಬಲ್ ಹಾಕಿ ಒಂದೊಂದಾಗಿ ಕಣ್ಣಲ್ಲಿ ನೋಡಿ.

ಹೊಸಲೆಕ್ಕ_ಹಾಸನ
.50 ಇರುವ ಸಾಲುಗಳು 2021-22ರಿಂದ ಈಚೆಗೆ ಮಾತ್ರ ಇವೆ. ಅದಕ್ಕೂ ಹಿಂದೆ ಒಂದೂ 39 ದಾಟಿಲ್ಲ. ಎರಡು ಬೇರೆ ಲೆಕ್ಕ ಅಂತಾಯ್ತು. ಇದು ಗೊತ್ತಾಗದೇ ಹೋಗಿದ್ದರೆ ದೇವರೇ ಗತಿ.

ಈಗ ಡಬ್ಲ್ಯೂಒಇ (ಒಂದು ಗುಂಪು ಚುಕ್ತಾ ಕಡೆಗೋ ಸುಸ್ತಿ ಕಡೆಗೋ ಎಷ್ಟು ವಾಲುತ್ತದೆ ಎಂಬ ತೂಕ), ಐವಿ (ಒಂದು ವೇರಿಯಬಲ್ ಒಟ್ಟಾರೆ ಎಷ್ಟು ಹೇಳುತ್ತದೆ ಎಂಬ ಅಳತೆ) ಬಗ್ಗೆ. ಪ್ಯಾಕೇಜ್ ಅಂಕಿ ಕೊಡುತ್ತದೆ, ಒಳಗೆ ಏನು ಮಾಡುತ್ತದೆ ಅಂತ ಅರ್ಥವಾಗಿಲ್ಲ.

ಬೇಲೂರು ಮೇಷ್ಟ್ರು
ಒಮ್ಮೆ ಕೈಯಲ್ಲಿ ಲೆಕ್ಕ ಹಾಕಿ, ಆಮೇಲೆ ಪ್ಯಾಕೇಜಿಗೆ ಕೊಡಿ. ಲೆಕ್ಕಕ್ಕೆ 1,000 ಸಾಲ ಹಿಡಿಯೋಣ, 900 ಚುಕ್ತಾ, 100 ಸುಸ್ತಿ. ವೇರಿಯಬಲ್: ಹಿಂದಿನ ಸಾಲ ಎಷ್ಟು ದಿನ ತಡವಾಗಿ ಕಟ್ಟಿದ್ದು.

ತಡವೇ ಇಲ್ಲ: 600 ಚುಕ್ತಾ, 30 ಸುಸ್ತಿ.
1ರಿಂದ 90 ದಿನ: 240 ಚುಕ್ತಾ, 40 ಸುಸ್ತಿ.
90 ದಾಟಿದ್ದು: 60 ಚುಕ್ತಾ, 30 ಸುಸ್ತಿ.

ಮೊದಲ ಗುಂಪಿಗೆ ಒಟ್ಟು ಚುಕ್ತಾದಲ್ಲಿ 600/900 ಅಂದರೆ 0.667 ಪಾಲು, ಒಟ್ಟು ಸುಸ್ತಿಯಲ್ಲಿ 30/100 ಅಂದರೆ 0.30 ಪಾಲು. ಎರಡರ ಅನುಪಾತ 2.22, ಅದರ ಲಾಗ್ 0.80. ಇದೇ ಆ ಗುಂಪಿನ ಡಬ್ಲ್ಯೂಒಇ. ಎರಡನೆಯದಕ್ಕೆ 0.267ನ್ನು 0.40ರಿಂದ ಭಾಗಿಸಿ ಲಾಗ್ ತೆಗೆದರೆ ಮೈನಸ್ 0.41. ಮೂರನೆಯದಕ್ಕೆ ಮೈನಸ್ 1.50. ಪಾಲುಗಳ ವ್ಯತ್ಯಾಸವನ್ನು ಡಬ್ಲ್ಯೂಒಇಯಿಂದ ಗುಣಿಸಿ ಕೂಡಿದರೆ ಐವಿ: 0.293, 0.054, 0.351. ಒಟ್ಟು 0.70.

ಇಲ್ಲೊಂದು ಗುಂಡಿ ಇದೆ. ನಾನು ಮೇಲೆ ಚುಕ್ತಾ ಮೇಲಿಟ್ಟು ಸುಸ್ತಿ ಕೆಳಗಿಟ್ಟೆ. ‘ಸ್ಕೋರ್‌ಕಾರ್ಡ್’ ಪ್ಯಾಕೇಜ್ ಇದನ್ನು ತಲೆಕೆಳಗು ಮಾಡುತ್ತದೆ, ಸುಸ್ತಿ ಮೇಲೆ. ಹಾಗಾಗಿ ಅದರಲ್ಲಿ ಸುಸ್ತಿಯನ್ನು 1 ಎಂದಿಟ್ಟು ಜಿಎಲ್‌ಎಂ (ಆರ್‌ನ ಲಾಜಿಸ್ಟಿಕ್ ರಿಗ್ರೆಶನ್ ಫಂಕ್ಷನ್) ಓಡಿಸಿದಾಗ ಗುಣಾಂಕಗಳೆಲ್ಲ ಪ್ಲಸ್ ಬರಬೇಕು. ನನ್ನ ರೀತಿಯಲ್ಲಿ ಮಾಡಿದರೆ ಎಲ್ಲವೂ ಮೈನಸ್. ಯಾವ ದಾರಿಯಾದರೂ ಸರಿ, ಎಲ್ಲವೂ ಒಂದೇ ಚಿಹ್ನೆ ಇರಬೇಕು. ಒಂದು ಮಾತ್ರ ಉಲ್ಟಾ ಬಂದರೆ ಅದು ಪಕ್ಕದ ವೇರಿಯಬಲ್ ಜೊತೆ ಅಂಟಿಕೊಂಡಿದೆ ಎಂದು ಅರ್ಥ. ಸಾಲದ ಮೊತ್ತ ಮತ್ತು ವಿಸ್ತೀರ್ಣ ಹೀಗೆ ಮಾಡುವ ಜೋಡಿ. ಬೆಳೆ ಸಾಲದ ಮೊತ್ತ ನಿಗದಿಯಾಗುವುದೇ ಎಕರೆ ಲೆಕ್ಕದಲ್ಲಿ. ಎರಡರಲ್ಲಿ ಒಂದನ್ನು ಬಿಡಿ.

ಇನ್ನೊಂದು: ಸುಸ್ತಿ ಕಾಲಮ್ಮನ್ನು ಅಕ್ಷರದಲ್ಲಿ ಇಡಬೇಡಿ. ಫ್ಯಾಕ್ಟರ್ (ಗುಂಪುಗಳ ಹೆಸರಿರುವ ಕಾಲಂ) ಕೊಟ್ಟರೆ ಜಿಎಲ್‌ಎಂ ವರ್ಣಮಾಲೆಯಲ್ಲಿ ಮೊದಲು ಬರುವುದನ್ನು ಸೊನ್ನೆ ಮಾಡುತ್ತದೆ. ‘ಚುಕ್ತಾ’, ‘ಸುಸ್ತಿ’ ಎಂದು ಕನ್ನಡದಲ್ಲಿ ಬರೆದರೆ ಅದೃಷ್ಟವಶಾತ್ ಸುಸ್ತಿ 1 ಆಗುತ್ತದೆ. ಇಂಗ್ಲಿಷಿನ ಬ್ಯಾಡ್, ಗುಡ್ ಬರೆದರೆ ಗುಡ್ 1 ಆಗಿಬಿಡುತ್ತದೆ, ಇಡೀ ಮಾಡೆಲ್ ಮಗುಚುತ್ತದೆ. 0 ಮತ್ತು 1 ಬರೆದು ಬಿಡಿ.

ಅರಸೀಕೆರೆ_ಡೇಟಾ
ಮೇಷ್ಟ್ರೇ, ಐವಿ 0.5 ದಾಟಿದರೆ ಅನುಮಾನ ಪಡಬೇಕು ಅಂತಲ್ಲವಾ? ರೂಢಿಯ ಲೆಕ್ಕದಲ್ಲಿ 0.02ಕ್ಕಿಂತ ಕಡಿಮೆ ಕೆಲಸಕ್ಕೆ ಬಾರದ್ದು, 0.1ರವರೆಗೆ ಸಪ್ಪೆ, 0.3ರವರೆಗೆ ಸಾಧಾರಣ, ಅದರ ಮೇಲೆ ಗಟ್ಟಿ, 0.5 ದಾಟಿದರೆ ‘ಇದು ಹೇಗೆ ಬಂತು’ ಅಂತ ಕೇಳಬೇಕು. ನಿಮ್ಮ ಉದಾಹರಣೆಯೇ 0.70 ಇದೆ.

ಬೇಲೂರು ಮೇಷ್ಟ್ರು
ಸರಿಯಾಗಿ ಹಿಡಿದಿರಿ. ಅನುಮಾನ ಪಡಿ ಅಂದರೆ ಬಿಸಾಡಿ ಅಂತಲ್ಲ. ಆ ಅಂಕಿ ಸಾಲ ಮಂಜೂರು ಮಾಡುವ ದಿನ ಮೇಜಿನ ಮೇಲಿತ್ತಾ ಎಂದು ಕೇಳಿ. ಹಿಂದಿನ ಸಾಲದ ತಡ ಅಂದರೆ ಇತ್ತು, ಇಟ್ಟುಕೊಳ್ಳಬಹುದು. ಆದರೆ ಸೊಸೈಟಿ ಸಾಫ್ಟ್‌ವೇರ್ ‘ಬಾಕಿ ದಿನ’ ಎಂಬ ಒಂದೇ ಕಾಲಮ್ಮನ್ನು ಪ್ರತಿ ವರ್ಷ ಮೇಲೆ ಮೇಲೆ ಬರೆಯುತ್ತಾ ಹೋಗಿದ್ದರೆ, ಅದು ಹಿಂದಿನದ್ದಲ್ಲ, ಇಂದಿನದ್ದು. ಉತ್ತರವನ್ನೇ ಪ್ರಶ್ನೆಯೊಳಗೆ ಇಟ್ಟಂತೆ. ನೋಟಿಸ್ ಕೊಟ್ಟ ದಿನಾಂಕ, ಜಾಮೀನುದಾರರನ್ನು ಕರೆಸಿದ್ದು, ಬೆಳೆ ವಿಮೆ ಪರಿಹಾರ ಬಂದದ್ದು ಇವೆಲ್ಲ ಅದೇ ಜಾತಿ. ಎಯುಸಿ 0.95 ಬಂತು ಎಂದು ಕುಣಿಯುವವರ ಡೇಟಾದಲ್ಲಿ ಇಂಥದ್ದೊಂದು ಕೂತಿರುತ್ತದೆ.

ಅರಸೀಕೆರೆ_ಡೇಟಾ
ಹೊಸಲೆಕ್ಕದವರೇ, ಒಂದು ಕೇಳಬೇಕಿತ್ತು. 1,140 ಸಾಲ ಅಂದಿರಿ. ಅದು ಎಷ್ಟು ಜನರದ್ದು?

ಹೊಸಲೆಕ್ಕ_ಹಾಸನ
ಎಣಿಸಿದೆ ಅಕ್ಕ. 263 ಸದಸ್ಯರು. 96 ಸುಸ್ತಿ ಸಾಲಗಳು 58 ಜನರಿಗೆ ಸೇರಿದ್ದು.

ಅರಸೀಕೆರೆ_ಡೇಟಾ
ಹಾಗಾದರೆ 70-30 ಅಂತ ಸುಮ್ಮನೆ ಸೀಳಬೇಡಿ. ಒಬ್ಬರದ್ದೇ 2019ರ ಸಾಲ ಕಲಿಕೆಯಲ್ಲಿ, 2020ರ ಸಾಲ ಪರೀಕ್ಷೆಯಲ್ಲಿ ಬಿದ್ದರೆ ಮಾಡೆಲ್ ಆ ಮನುಷ್ಯನನ್ನು ನೆನಪಿಟ್ಟುಕೊಂಡು ಪಾಸಾಗುತ್ತದೆ. ಸೀಳುವುದಾದರೆ ಸದಸ್ಯರ ಕೋಡ್ ಮೇಲೆ ಸೀಳಿ, ಒಬ್ಬರ ಎಲ್ಲ ಸಾಲಗಳೂ ಒಂದೇ ಕಡೆ ಇರಲಿ.

ನಿಜ ಹೇಳಬೇಕೆಂದರೆ ಇಷ್ಟು ಚಿಕ್ಕ ಡೇಟಾದಲ್ಲಿ ಸೀಳುವುದೇ ನಷ್ಟ. ಒಂದು ಗುಣಾಂಕಕ್ಕೆ ಕನಿಷ್ಠ 10 ಸುಸ್ತಿ ಇರಲಿ ಎಂಬುದು ಹೆಬ್ಬೆರಳಿನ ಲೆಕ್ಕ. 96 ಎಂದರೆ ಒಂಬತ್ತು ಅಂದುಕೊಳ್ಳುತ್ತೀರಿ, ಆದರೆ ಜನ 58. ಐದಾರು ವೇರಿಯಬಲ್‌ಗೆ ನಿಲ್ಲಿಸಿ. 22 ಕಾಲಮ್ಮನ್ನೂ ಸ್ಟೆಪ್ ಫಂಕ್ಷನ್‌ಗೆ ತುಂಬಿ ಅದೇ ಆರಿಸಲಿ ಎಂದು ಬಿಟ್ಟರೆ ಪ್ರತಿ ಸಲ ಬೇರೆ ಬೇರೆ ಪಟ್ಟಿ ಕೊಡುತ್ತದೆ. ಯಾವ ಐದಾರು ಎಂಬುದನ್ನು ಸಾಲ ಕೊಡುವವರ ಜೊತೆ ಕೂತು ಮೊದಲೇ ಬರೆದಿಟ್ಟುಕೊಳ್ಳಿ.

ಗುಣಾಂಕಗಳಿಗೆ ‘ಆರ್‌ಎಂಎಸ್’ ಪ್ಯಾಕೇಜಿನ ಎಲ್‌ಆರ್‌ಎಂ (ಅದರ ಲಾಜಿಸ್ಟಿಕ್ ರಿಗ್ರೆಶನ್ ಫಂಕ್ಷನ್) ಬಳಸಿ. ಅದರದೇ ರೋಬ್‌ಕವ್‌ಗೆ ಸದಸ್ಯರ ಕೋಡನ್ನು ಕ್ಲಸ್ಟರ್ (ಒಟ್ಟಿಗೆ ಎಣಿಸಬೇಕಾದ ಗುಂಪು) ಎಂದು ಕೊಟ್ಟರೆ ಸ್ಟ್ಯಾಂಡರ್ಡ್ ಎರರ್, ಅಂದರೆ ಗುಣಾಂಕದ ಅನಿಶ್ಚಿತತೆ, ನಿಜದ ಅಳತೆಗೆ ಬರುತ್ತದೆ. ಬಹಳಷ್ಟು ಸಲ ಅದು ಹಿಗ್ಗುತ್ತದೆ, ಗಾಬರಿಯಾಗಬೇಡಿ. ಅದೇ ಪ್ಯಾಕೇಜಿನ ವ್ಯಾಲಿಡೇಟ್ ಬೂಟ್‌ಸ್ಟ್ರಾಪ್ ಮಾಡಿ (ಇದೇ ಡೇಟಾದಿಂದ ಮತ್ತೆ ಮತ್ತೆ ಸಾಲಗಳನ್ನು ಎತ್ತಿ ನೋಡಿ) ಡಿ-ಎಕ್ಸ್-ವೈ ಅಂಕಿಯನ್ನು ತಿದ್ದಿ ಕೊಡುತ್ತದೆ. ಅದೇ ನಿಮ್ಮ ಗಿನಿ, ಅಂದರೆ ಎಯುಸಿಯ ಎರಡರಷ್ಟರಲ್ಲಿ ಒಂದು ಕಳೆದದ್ದು. ಸುಮ್ಮನೆ ಬಿಟ್ಟರೆ 40 ಸಲ ಮಾತ್ರ ಸುತ್ತುತ್ತದೆ, 300 ಸುತ್ತು ಕೊಡಿ. ಒಂದು ಎಚ್ಚರಿಕೆ: ಸುಮ್ಮನೆ ಬಿಟ್ಟರೆ ಅದು ಸಾಲಗಳನ್ನು ಬಿಡಿಬಿಡಿಯಾಗಿ ಎತ್ತುತ್ತದೆ, ಜನರನ್ನಲ್ಲ. ಹಾಗಾಗಿ ತಿದ್ದಿದ ಅಂಕಿಯೂ ಸ್ವಲ್ಪ ಸಿಹಿಯಾಗಿಯೇ ಇರುತ್ತದೆ. ಸದಸ್ಯರನ್ನೇ ಎತ್ತಬೇಕಾದರೆ ಇದಕ್ಕೂ ಅವರ ಕೋಡನ್ನು ಕ್ಲಸ್ಟರ್ ಎಂದು ಕೊಟ್ಟುಬಿಡಿ.

ಇದರ ಮೇಲೆ ಕೊನೆಯ ವರ್ಷದ ಸಾಲಗಳನ್ನು ಮುಟ್ಟದೆ ಪಕ್ಕಕ್ಕೆ ಇಡಿ. ಹಿಂದಿನ ವರ್ಷಗಳಲ್ಲಿ ಕಲಿತು ಮುಂದಿನ ವರ್ಷಕ್ಕೆ ಹೇಳಬೇಕಾದ್ದು ತಾನೆ ಕೆಲಸ?

ಮೂಡಿಗೆರೆ_ರೋಬಸ್ಟಾ
ಅಕ್ಕ ಹೇಳಿದ ಕೊನೆಯ ಮಾತಿಗೆ ಇನ್ನೊಂದು ಸೇರಿಸ್ತೇನೆ. ಇಲ್ಲಿ ಸುಸ್ತಿಯಾಗುವುದು ಒಬ್ಬೊಬ್ಬರಾಗಿ ಅಲ್ಲ, ಊರಿಗೆ ಊರೇ. 2019ರ ಆಗಸ್ಟ್ ಮಳೆಯ ವರ್ಷ ತೆಗೆದುಕೊಳ್ಳಿ. ಮಾರ್ಚ್-ಏಪ್ರಿಲ್‌ನ ಹೂಮಳೆ ಕೈಕೊಟ್ಟ ವರ್ಷವೂ ಹಾಗೇ. ಉಲ್ಟಾ ಕೂಡ ಉಂಟು: 2024ರಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. ಆ ರೇಟಿನಲ್ಲಿ ಯಾರು ತಾನೆ ಸುಸ್ತಿಯಾಗ್ತಾರೆ? ಅಂಥ ವರ್ಷದ ಡೇಟಾದಲ್ಲಿ ಮಾಡೆಲ್ ಕಲಿಸಿದರೆ ‘ಕಾಫಿ ಬೆಳೆದವ ಒಳ್ಳೆಯವ’ ಅಂತ ಕಲಿತು ಕೂರ್ತದೆ. ರೇಟ್ ಬಿದ್ದ ವರ್ಷ ಆ ಪಾಯಿಂಟು ನಿಮ್ಮ ಕೊರಳಿಗೆ. ಬೆಳೆಯ ಹೆಸರಿಗೆ ಪಾಯಿಂಟ್ ಕೊಡುವ ಬದಲು ಆದಾಯ ಎಷ್ಟು ಕಡೆಯಿಂದ ಬರ್ತದೆ ಅಂತ ನೋಡಿ. ಕಾಫಿ ಜೊತೆ ಕಾಳುಮೆಣಸು, ಅಡಿಕೆ, ಹಾಲು.

ಬೇಲೂರು ಮೇಷ್ಟ್ರು
ಇನ್ನು ಪಾಯಿಂಟ್ ಮಾಡುವುದು. ಇದು ಬರೀ ಅಳತೆ ಬದಲಿಸುವ ಕೆಲಸ, ಮಾಡೆಲ್ಲಿಗೆ ಹೊಸ ಬುದ್ಧಿ ಬರುವುದಿಲ್ಲ. ಒಬ್ಬ ಸುಸ್ತಿಗೆ 50 ಚುಕ್ತಾ ಇರುವಲ್ಲಿ 600 ಎಂದಿಡಿ. ಪ್ರತಿ 20 ಪಾಯಿಂಟಿಗೆ ಆ ಅನುಪಾತ ದುಪ್ಪಟ್ಟಾಗಲಿ. 20ನ್ನು 2ರ ಲಾಗ್‌ನಿಂದ ಭಾಗಿಸಿದರೆ 28.85, ಇದು ಗುಣಕ. 50ರ ಲಾಗ್ 3.912. 600ರಿಂದ 28.85 ಗುಣಿಸು 3.912 ಕಳೆದರೆ 487.1, ಇದು ಬುನಾದಿ. ಯಾವ ಸಾಲಕ್ಕಾದರೂ ಸ್ಕೋರ್ ಎಂದರೆ ಬುನಾದಿಗೆ ಅನುಪಾತದ ಲಾಗ್ ಇಂಟು ಗುಣಕ ಸೇರಿಸಿದ್ದು.

ಮೇಲಿನ ತಡದ ಉದಾಹರಣೆಗೆ ಗುಣಾಂಕ 0.9 ಬಂದಿದೆ ಎಂದುಕೊಳ್ಳಿ, ಚಿಹ್ನೆ ಬಿಡಿ. ತಡವೇ ಇಲ್ಲದವರಿಗೆ ಪ್ಲಸ್ 21, ನಡುವಿನವರಿಗೆ ಮೈನಸ್ 11, 90 ದಾಟಿದವರಿಗೆ ಮೈನಸ್ 39. ಮೇಲಿನವರಿಗೂ ಕೆಳಗಿನವರಿಗೂ 60 ಅಂತರ, ಅಂದರೆ ಮೂರು ದುಪ್ಪಟ್ಟು, ಎಂಟು ಪಟ್ಟು. ಕಚ್ಚಾ ಡೇಟಾದಲ್ಲಿ ಒಬ್ಬರದ್ದು ಇಪ್ಪತ್ತಕ್ಕೆ ಒಂದು, ಇನ್ನೊಬ್ಬರದ್ದು ಎರಡಕ್ಕೆ ಒಂದು, ಹತ್ತು ಪಟ್ಟು. ಉಳಿದ ಒಂದೂಕಾಲು ಪಟ್ಟನ್ನು ಬೇರೆ ವೇರಿಯಬಲ್‌ಗಳು ಹಂಚಿಕೊಂಡಿವೆ. ಹೀಗೆ ತಾಳೆ ನೋಡುವ ಅಭ್ಯಾಸ ಇಟ್ಟುಕೊಂಡರೆ ಚಿಹ್ನೆ ಮಗುಚಿದ್ದು ಅಲ್ಲೇ ಸಿಕ್ಕಿಬೀಳುತ್ತದೆ.

ಪ್ಯಾಕೇಜ್ ತಾನಾಗಿ ಬಳಸುವುದು ಬೇರೆ: 600 ಪಾಯಿಂಟಿಗೆ 19ಕ್ಕೆ ಒಂದು, ದುಪ್ಪಟ್ಟಿಗೆ 50 ಪಾಯಿಂಟ್. ಬದಲಿಸದೆ ಬಿಟ್ಟು ಇನ್ನೊಬ್ಬರ ಕಾರ್ಡ್ ಜೊತೆ ಹೋಲಿಸಬೇಡಿ. ಸಿಬಿಲ್‌ನ 300ರಿಂದ 900 ಅಳತೆಯ ಜೊತೆಗಂತೂ ಇದಕ್ಕೆ ಯಾವ ನೆಂಟಸ್ತಿಕೆಯೂ ಇಲ್ಲ.

ಖಾತೆಪುಸ್ತಕ
ಎಷ್ಟು ಪಾಯಿಂಟಿಗೆ ಗೆರೆ ಎಳೀಬೇಕು ಅಂತ ಆಡಳಿತ ಮಂಡಳಿಯವರು ಕೇಳೇ ಕೇಳ್ತಾರೆ ಕಣ್ರೀ. ಕೆಎಸ್ (ಚುಕ್ತಾ, ಸುಸ್ತಿ ಎರಡು ಗುಂಪಿನ ಸ್ಕೋರ್ ಹಂಚಿಕೆ ನಡುವಿನ ಅಂತರ) ಎಲ್ಲಿ ಜಾಸ್ತಿಯೋ ಅಲ್ಲಿ ಅನ್ನಬೇಡಿ, ಅದಕ್ಕೂ ದುಡ್ಡಿಗೂ ಸಂಬಂಧ ಇಲ್ಲ. ನೂರು ರೂಪಾಯಿ ಸಾಲ ಚುಕ್ತಾ ಆದರೆ ಸಂಘಕ್ಕೆ 3 ಉಳಿಯತ್ತೆ, ಸುಸ್ತಿಯಾದರೆ 45 ಹೋಗತ್ತೆ ಅಂತ ಇಟ್ಕೊಳ್ಳಿ. ಒಂದು ಸುಸ್ತಿಯ ನಷ್ಟ ತುಂಬೋಕೆ 15 ಚುಕ್ತಾ ಬೇಕು. ಮೇಷ್ಟ್ರ ಅಳತೆಯಲ್ಲಿ 15ಕ್ಕೆ ಒಂದು ಅಂದ್ರೆ 565. ಅದಕ್ಕಿಂತ ಕೆಳಗೆ ಕೊಟ್ಟಷ್ಟೂ ಕೈ ಕಚ್ಚತ್ತೆ. ನಿಮ್ಮ ಸಂಘದ 3 ಎಷ್ಟು, 45 ಎಷ್ಟು ಅಂತ ಆಡಿಟ್ ವರದಿ ನೋಡಿ ಹಾಕ್ಕೊಳ್ಳಿ.

ಕೆಳಗೆ ಬಿದ್ದವರಿಗೆ ಬಾಗಿಲು ಹಾಕೋದೇ ದಾರಿ ಅಂತಲ್ಲ. ಮೊತ್ತ ಇಳಿಸಬಹುದು, ಇನ್ನೊಂದು ಜಾಮೀನು ಕೇಳಬಹುದು. ಜಾತಿ, ಧರ್ಮ, ಗಂಡು-ಹೆಣ್ಣು ಕಾಲಂಗಳನ್ನ ಮಾಡೆಲ್ ಹತ್ರಾನೂ ಬಿಡಬೇಡಿ. ಊರ ಹೆಸರನ್ನೂ ಹಾಕಬೇಡಿ. ನಮ್ಮ ಕಡೆ ಕೆಲವು ಹಟ್ಟಿ, ಕಾಲೋನಿ ಹೆಸರು ಹಾಕಿದರೆ ಜಾತಿ ಹಾಕಿದ ಹಾಗೇ.

ಎರಡು_ಗುಂಟೆ
ಪೈಥಾನ್‌ನಲ್ಲಿ ಮಾಡಿದರೆ ಆಗಲ್ವಾ ಅಂತ ಯಾರಾದರೂ ಕೇಳೋಕೆ ಮುಂಚೆ: ಆಗತ್ತೆ. ಸೈಕಿಟ್-ಲರ್ನ್‌ನ ಲಾಜಿಸ್ಟಿಕ್ ರಿಗ್ರೆಶನ್ ಸುಮ್ಮನಿದ್ದರೂ ಎಲ್2 ದಂಡ (ಗುಣಾಂಕಗಳನ್ನ ಸೊನ್ನೆ ಕಡೆ ಎಳೆಯೋದು) ಹಾಕ್ಕೊಂಡೇ ಓಡತ್ತೆ, ಅದಕ್ಕೆ ಆರ್‌ನ ಜಿಎಲ್‌ಎಂ ಗುಣಾಂಕಕ್ಕೆ ತಾಳೆ ಆಗಲ್ಲ. ತಾಳೆ ಬೇಕಾದವರು ಸ್ಟ್ಯಾಟ್ಸ್‌ಮಾಡೆಲ್ಸ್ ಬಳಸಿ.

ಹೊಸಲೆಕ್ಕ_ಹಾಸನ
ಎಲ್ಲ ಮಾಡುತ್ತಾ ಬಂದೆ. ಮನ್ನಾ ವರ್ಷದ ಸಾಲ ತೆಗೆದು, 24 ತಿಂಗಳ ಅವಧಿ ಇಟ್ಟ ಮೇಲೆ 811 ಸಾಲ, 71 ಸುಸ್ತಿ ಉಳಿದಿವೆ. ಆರು ವೇರಿಯಬಲ್. ಬೆಳೆಯ ಹೆಸರು ಬೇಡ ಎಂದರೂ ಒಮ್ಮೆ ಹಾಕಿ ನೋಡಿದೆ. ‘ಸಂಭವನೀಯತೆ 0 ಅಥವಾ 1 ಆಗಿದೆ’ ಎಂಬ ಎಚ್ಚರಿಕೆ ಬಂತು. ಶುಂಠಿಯ ಗುಣಾಂಕ 17, ಸ್ಟ್ಯಾಂಡರ್ಡ್ ಎರರ್ ಸಾವಿರದ ಮೇಲೆ.

ಅರಸೀಕೆರೆ_ಡೇಟಾ
ಶುಂಠಿ ಸಾಲ ಎಷ್ಟಿವೆ? ಏಳೆಂಟು ಇದ್ದು ಎಲ್ಲವೂ ಸುಸ್ತಿಯಾಗಿದ್ದರೆ ಹೀಗೇ ಆಗುವುದು. ಗುಣಾಂಕ ಅನಂತದ ಕಡೆಗೆ ಓಡುತ್ತದೆ, ಸಾಫ್ಟ್‌ವೇರ್ ಒಂದು ಹಂತಕ್ಕೆ ಸುಸ್ತಾಗಿ ನಿಲ್ಲುತ್ತದೆ. ಡಬ್ಲ್ಯೂಒಇಯಲ್ಲೂ ಅದೇ, ಸೊನ್ನೆಯ ಲಾಗ್. ಎರಡೂ ಕಡೆ 0.5 ಸೇರಿಸಿ ಲೆಕ್ಕ ಹಾಕುವವರಿದ್ದಾರೆ, ‘ಲಾಜಿಸ್ಟ್‌ಎಫ್’ ಪ್ಯಾಕೇಜಿನ ಫರ್ತ್ ವಿಧಾನವೂ ಇದಕ್ಕೆಂದೇ ಇರುವುದು. ಆದರೆ ಒಟ್ಟು ಸಾಲದ ಶೇ. 5 ಕೂಡ ಇಲ್ಲದ ಗುಂಪನ್ನು ಇನ್ನೊಂದರ ಜೊತೆ ಸೇರಿಸುವುದೇ ಲೇಸು.

ಹೊಸಲೆಕ್ಕ_ಹಾಸನ
ಏಳು ಸಾಲ ಅಕ್ಕ, ಏಳೂ ಸುಸ್ತಿ. ಆಲೂಗಡ್ಡೆ ಜೊತೆ ಸೇರಿಸಲಾ?

ಖಾತೆಪುಸ್ತಕ
ಸೇರಿಸೋಕೆ ಮುಂಚೆ ಆ ಏಳರ ಪಹಣಿ ಕಾಲಂ 12 ನೋಡಿ ಬನ್ನಿ. ಈ ಕಡೆ ಶುಂಠಿ ಬಹಳ ಕಡೆ ಗೇಣಿ ನೆಲದಲ್ಲಿ. ಬೆಳೆಯೋನು ಬೇರೆ, ಸಾಲ ಜಮೀನಿನ ಯಜಮಾನನ ಹೆಸರಲ್ಲಿ. ಕೊಳೆ ರೋಗ ಬಂದು ಗಿಡ ಹೋದರೆ ಬೆಳೆದೋನು ಊರು ಬಿಡ್ತಾನೆ, ಸಾಲ ಯಜಮಾನನ ಖಾತೆಯಲ್ಲಿ ಕೂರತ್ತೆ. ಹಾಗಿದ್ದರೆ ನಿಮ್ಮ ವೇರಿಯಬಲ್ ಶುಂಠಿ ಅಲ್ಲ, ಗೇಣಿ. ಗೇಣಿಗೆ ಕೊಟ್ಟ ಮೆಕ್ಕೆಜೋಳದವರೂ ಆಗ ಅದೇ ಗುಂಪಿಗೆ ಬರ್ತಾರೆ, ಏಳು ಅಲ್ಲ, ಮೂವತ್ತೋ ನಲವತ್ತೋ ಸಿಗಬಹುದು. ಪಹಣಿಯಲ್ಲಿ ಗೇಣಿ ಎಷ್ಟೋ ಸಲ ಬರೆದಿರಲ್ಲ, ಕಾರ್ಯದರ್ಶಿಗಳನ್ನ ಕೇಳಿ. ಅವರಿಗೆ ಯಾರ ಹೊಲ ಯಾರ ಕೈಲಿದೆ ಅಂತ ಪಹಣಿಗಿಂತ ಚೆನ್ನಾಗಿ ಗೊತ್ತಿರತ್ತೆ.

ಹೊಸಲೆಕ್ಕ_ಹಾಸನ
ಸೋಮವಾರ ಹೋಗಿ ಕೇಳಿಕೊಂಡು ಬರುತ್ತೇನೆ. ಗೇಣಿ ಕಾಲಂ ಸೇರಿಸಿ ಓಡಿಸಿದ ಮೇಲೆ ಅಂಕಿ ಇಲ್ಲೇ ಹಾಕುತ್ತೇನೆ.